ಶಾನುಭೋಗರ ಜಗುಲಿಯಿಂದ ಸೈಬರ್ ಅಂಗಡಿಗೆ

ಚಿತ್ರದುರ್ಗ ಅಂದರೆ ಸಾಕು, ನಮ್ಮ ಚರಿತ್ರೆ ಪುಸ್ತಕಗಳು ಏಳು ಸುತ್ತಿನ ಕೋಟೆ ಹತ್ತಿ ಅಲ್ಲೇ ನಿಂತುಬಿಡುತ್ತವೆ. ಮದಕರಿ ನಾಯಕ, ಓಬವ್ವನ ಕಿಂಡಿ, ಹೈದರಾಲಿಯ ಮುತ್ತಿಗೆ. ಅಲ್ಲಿಂದ ಕೆಳಗಿಳಿದು ತಾಲ್ಲೂಕು ಕಚೇರಿಯ ಮುಂದೆ ಮರದ ನೆರಳಲ್ಲಿ ನಿಂತವರ ಕಡೆ ಅವು ತಿರುಗಿ ನೋಡುವುದಿಲ್ಲ. ಕಾಲೇಜು ಶುರುವಾಗುವ ದಿನಗಳಲ್ಲಿ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಚಿತ್ರದುರ್ಗ, ಯಾವ ಊರಿನ ಕಚೇರಿಗಾದರೂ ಹೋಗಿ ನೋಡಿ. ಪ್ಲಾಸ್ಟಿಕ್ ಕವರಿನಲ್ಲಿ ಮಾರ್ಕ್ಸ್ ಕಾರ್ಡು, ರೇಷನ್ ಕಾರ್ಡಿನ ಜೆರಾಕ್ಸು, ನಾಲ್ಕು ಫೋಟೋ ಹಿಡಿದುಕೊಂಡು ಹುಡುಗರು ಹುಡುಗಿಯರು ನಿಂತಿರುತ್ತಾರೆ. ಪಕ್ಕದಲ್ಲಿ ಆ ದಿನದ ಕೂಲಿ ಕಳಕೊಂಡು ಬಂದ ಅಪ್ಪನೋ ಅವ್ವನೋ. ಈ ಸಾಲಿಗೂ ಒಂದು ಚರಿತ್ರೆ ಇದೆ. ಅದಕ್ಕೂ ಇಸವಿಗಳಿವೆ, ಕಾಯ್ದೆಗಳಿವೆ, ಕೋರ್ಟಿನ ತೀರ್ಪುಗಳಿವೆ, ಗೆದ್ದವರು ಸೋತವರು ಇದ್ದಾರೆ.

ಆ ಸಾಲಿನಲ್ಲಿ ನಾನೂ ನಿಂತವನು. ಆಮೇಲೆ ಮೇಷ್ಟರಾಗಿ ಮೂವತ್ತು ವರ್ಷ ಊರವರ ಮಕ್ಕಳ ಜೊತೆ ಮತ್ತೆ ನಿಂತವನು. ನಿಂತು ನಿಂತು ಒಂದು ಮಾತು ನನಗೆ ಖಚಿತವಾಗಿದೆ. ನಮ್ಮ ಕೇರಿಯ ಮಕ್ಕಳು ಕಾಲೇಜು ಮುಗಿಸಿದ್ದು ಅಥವಾ ಅರ್ಧಕ್ಕೆ ಬಿಟ್ಟದ್ದು ಸರ್ಕಾರ ಎಷ್ಟು ದುಡ್ಡು ಕೊಟ್ಟಿತು ಅನ್ನುವುದಕ್ಕಿಂತ ಹೆಚ್ಚಾಗಿ, ಆ ದುಡ್ಡಿಗೆ ಬೇಕಾದ ಕಾಗದ ಯಾರ ಕೈಯಲ್ಲಿತ್ತು, ದುಡ್ಡು ಯಾವ ತಿಂಗಳಲ್ಲಿ ಬಂತು ಅನ್ನುವುದರ ಮೇಲೆ.

ಮೊದಲು ಕಾಗದ ಇದ್ದದ್ದು ಶಾನುಭೋಗರ ಜಗುಲಿಯ ಮೇಲೆ. ಹಳೇ ಮೈಸೂರು ಸೀಮೆಯಲ್ಲಿ ಶಾನುಭೋಗಿಕೆ ಅಪ್ಪನಿಂದ ಮಗನಿಗೆ ಬರುವ ಆಸ್ತಿ. ಪಟೇಲಿಕೆಯೂ ಹಾಗೇ. ತೋಟಿ ತಳವಾರಿಕೆಯೂ ವಂಶಪಾರಂಪರ್ಯವೇ, ಆದರೆ ಅದು ನಮ್ಮಂಥವರ ಪಾಲಿಗೆ ಬಂದದ್ದು! ಪಹಣಿ, ಖಾತೆ, ಹುಟ್ಟುವಳಿ ಲೆಕ್ಕ ಎಲ್ಲ ಒಂದು ಮನೆಯ ಪೆಟ್ಟಿಗೆಯಲ್ಲಿ. ಊರಲ್ಲಿ ಯಾರು ಯಾರು, ಯಾರಿಗೆ ಎಷ್ಟು ಜಮೀನು, ಯಾರ ಮಗ ಏನು ಎಂದು ಬರೆದುಕೊಡುವ ಕೈ ಒಂದೇ. ಕೇರಿಯವನು ಅಂಗಳದಲ್ಲಿ ನಿಲ್ಲಬೇಕು, ಕಾಗದವನ್ನು ಮೇಲಿನಿಂದ ಬಿಟ್ಟರೆ ಕೆಳಗೆ ಸೆರಗೊಡ್ಡಿ ಹಿಡಿಯಬೇಕು. ನಮ್ಮಜ್ಜ ಹೇಳುತ್ತಿದ್ದ ಮಾತು: "ಶಾನುಭೋಗ್ರು ಕಾಗ್ದ ಕೊಡಾಕೆ ಮುಂಚೆ ಸೌದೆ ಒಡ್ಸ್ಕಳಾರು ಕಣ್ಲಾ. ಒಂದ್ ಕಾಗ್ದಕ್ಕೆ ಒಂದ್ ಗಾಡಿ ಸೌದೆ."

ಮೈಸೂರು ಸಂಸ್ಥಾನ ಕಾಯ್ದೆಯಲ್ಲಿ ಮುಂದಿತ್ತು ಎಂದು ನಮ್ಮ ಮೇಷ್ಟರುಗಳು ಹೆಮ್ಮೆಯಿಂದ ಹೇಳುತ್ತಾರೆ. ಸುಳ್ಳಲ್ಲ. 1915ರ ಹೊತ್ತಿಗೆ ಸರ್ಕಾರಿ ಶಾಲೆಗೆ ಯಾವ ಜಾತಿಯ ಹುಡುಗನೂ ಬರಬಹುದು ಎಂದು ಆಜ್ಞೆಯಾಯಿತು. 1917ರಲ್ಲಿ ಪ್ರಜಾಮಿತ್ರ ಮಂಡಳಿ ಹುಟ್ಟಿತು. 1918ರಲ್ಲಿ ಲೆಸ್ಲಿ ಮಿಲ್ಲರ್ ಸಮಿತಿ ಕೂತಿತು, ಮರುವರ್ಷ ವರದಿ ಕೊಟ್ಟಿತು, 1921ರಲ್ಲಿ ಹಿಂದುಳಿದವರಿಗೆ ನೌಕರಿಯಲ್ಲಿ ಪಾಲು ಅನ್ನುವ ಆಜ್ಞೆ ಹೊರಟಿತು. ಇಂಡಿಯಾದಲ್ಲೇ ಇಂಥದ್ದು ಮೊದಮೊದಲು. ಆದರೆ ಆ ಹಿಂದುಳಿದವರ ಪಟ್ಟಿಯಲ್ಲಿ ಬ್ರಾಹ್ಮಣರು ಮತ್ತು ಯುರೋಪಿಯನ್ನರು, ಆಂಗ್ಲೋ ಇಂಡಿಯನ್ನರು ಬಿಟ್ಟು ಉಳಿದವರೆಲ್ಲ ಇದ್ದರು. ನೂರು ಎಕರೆಯ ಗೌಡನೂ ಅವನ ಹೊಲದ ಆಳೂ ಒಂದೇ ಪಟ್ಟಿ. ಪಟ್ಟಿ ಓದಿ ಬೆಂಗಳೂರಿಗೆ ಅರ್ಜಿ ಹಾಕುವ ಶಕ್ತಿ ಯಾರಿಗಿತ್ತೋ ಅವರು ಹಾಕಿದರು. ನಮ್ಮ ಕೇರಿಗೆ ಆ ಸುದ್ದಿ ಬರಲೇ ಇಲ್ಲ. ಬಂದದ್ದು ಒಂದು ಹೆಸರು ಮಾತ್ರ. ಪಂಚಮರು ಅನ್ನುವುದು ಹೋಗಿ 1920ರ ದಶಕದಲ್ಲಿ ದಾಖಲೆಗಳಲ್ಲಿ ಆದಿ ಕರ್ನಾಟಕ, ಆದಿ ದ್ರಾವಿಡ ಎಂದಾಯಿತು. ನಮ್ಮ ಜಿಲ್ಲೆಯ ಹಳ್ಳಿಹಳ್ಳಿಯಲ್ಲೂ ಇರುವ ಎ.ಕೆ. ಕಾಲೋನಿಯ ಮೂಲ ಅದೇ. ಗೌರವಕ್ಕೆಂದು ಕೊಟ್ಟ ಆ ಹೆಸರೇ ಮುಂದೆ ಮಾದಿಗ ಯಾರು, ಹೊಲೆಯ ಯಾರು, ಯಾರಿಗೆ ಎಷ್ಟು ಸಿಕ್ಕಿತು ಎಂಬ ಲೆಕ್ಕವನ್ನೇ ಮುಚ್ಚಿಹಾಕಿತು. 2025ರಲ್ಲಿ ಒಳಮೀಸಲಾತಿಗಾಗಿ ನಾಗಮೋಹನದಾಸ್ ಆಯೋಗ ಮನೆಮನೆಗೆ ಬಂದು ಮೂಲ ಜಾತಿ ಕೇಳಬೇಕಾಯಿತು. ನೂರು ವರ್ಷದ ಗಂಟು ಅದು.

ಸರ್ಕಾರ ಕೈಬಿಟ್ಟ ಕಡೆ ಜಾತಿಗಳು ತಮ್ಮ ತಮ್ಮ ದಾರಿ ಮಾಡಿಕೊಂಡವು. 1905-06ರ ಹೊತ್ತಿಗೇ ಬೆಂಗಳೂರಿನಲ್ಲಿ ಲಿಂಗಾಯತರ ವಿದ್ಯಾಭಿವೃದ್ಧಿ ಸಂಸ್ಥೆ, ಒಕ್ಕಲಿಗರ ಸಂಘ ಎದ್ದವು. ನಮ್ಮಲ್ಲಿ ಚಿತ್ರದುರ್ಗದ ಮುರುಘಾಮಠದ ಜಯದೇವ ಸ್ವಾಮಿಗಳು ಊರೂರಲ್ಲಿ ಉಚಿತ ಹಾಸ್ಟೆಲು ತೆರೆಸಿದರು. ಸಿರಿಗೆರೆಯ ತರಳಬಾಳು ಮಠ ಹಳ್ಳಿಗಳಿಗೆ ಹೈಸ್ಕೂಲು ಕೊಂಡೊಯ್ದಿತು. ಅನ್ನ ಹಾಕಿದವರ ಋಣ ಸಣ್ಣದಲ್ಲ, ಅದನ್ನು ಅಲ್ಲಗಳೆಯುವವನು ನಾನಲ್ಲ. ಆದರೆ ಮಠದ ಪಂಕ್ತಿಗೆ ಹೋಗಲು ಯಾರಿಗೆ ಕಾಲು ಬರುತ್ತಿತ್ತು, ಯಾರು ಬಾಗಿಲಲ್ಲೇ ಹಿಂಜರಿಯುತ್ತಿದ್ದರು ಎಂಬುದು ಆ ಕಾಲದವರನ್ನು ಕೇಳಿದರೆ ಗೊತ್ತಾಗುತ್ತದೆ. ಮಠ ಇದ್ದ ಜಾತಿಗೆ ಹಾಸ್ಟೆಲು ಇತ್ತು, ಹಾಸ್ಟೆಲು ಇದ್ದ ಜಾತಿಗೆ ಲಾಯರು ಡಾಕ್ಟರು ಹುಟ್ಟಿದರು. ಈಗ ಚಿತ್ರದುರ್ಗದ ಸುತ್ತ ಮಾದಾರ ಚೆನ್ನಯ್ಯ ಪೀಠ, ಭೋವಿ ಪೀಠ, ಹೊಸದುರ್ಗದ ಕಡೆ ಕುಂಚಿಟಿಗ, ಉಪ್ಪಾರ, ಕುರುಬರ ಪೀಠ ಎಂದು ಜಾತಿಗೊಂದು ಗುರುಪೀಠ ಎದ್ದಿರುವುದನ್ನು ನೋಡಿ ನಗುವವರಿದ್ದಾರೆ. ನಗುವ ಮೊದಲು, ಹಾಸ್ಟೆಲಿಗಾಗಿ ಮಠ ಕಟ್ಟಬೇಕಾದ ಸ್ಥಿತಿ ಯಾಕೆ ಬಂತು ಎಂದು ಅವರು ಯೋಚಿಸಲಿ.

ಮಠವಿಲ್ಲದ ಜನಕ್ಕೆ ದಾರಿ ತೆರೆದದ್ದು ಒಬ್ಬ ಮನುಷ್ಯ. ಅವನೇ ಸ್ವತಃ ಸ್ಕಾಲರ್‌ಶಿಪ್ಪಿನ ಹುಡುಗ. ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದುವಾಗ ಭೀಮರಾವ್ ಅಂಬೇಡ್ಕರ್‌ಗೆ ಬರೋಡೆಯ ಸಯ್ಯಾಜಿರಾವ್ ಮಹಾರಾಜರಿಂದ ತಿಂಗಳಿಗೆ 25 ರೂಪಾಯಿ. 1913ರಲ್ಲಿ ಅಮೆರಿಕದ ಕೊಲಂಬಿಯಾಕ್ಕೆ ಹೋಗಲು ತಿಂಗಳಿಗೆ ಹನ್ನೊಂದೂವರೆ ಪೌಂಡು, ಮೂರು ವರ್ಷ. ಅದಕ್ಕೆ ಅವರು ಕರಾರು ಪತ್ರ ಬರೆದುಕೊಟ್ಟಿದ್ದರು: ಓದು ಮುಗಿದ ಮೇಲೆ ಹತ್ತು ವರ್ಷ ಬರೋಡೆಯಲ್ಲಿ ನೌಕರಿ. 1917ರಲ್ಲಿ ಕರಾರಿನಂತೆ ಬರೋಡೆಗೆ ಬಂದರು. ಕೊಲಂಬಿಯಾ, ಲಂಡನ್ ಓದಿ ಬಂದವನಿಗೆ ಆ ಊರಲ್ಲಿ ಇರಲು ಒಂದು ಕೋಣೆ ಸಿಗಲಿಲ್ಲ. ಪಾರ್ಸಿಗಳ ಛತ್ರದಿಂದ ದೊಣ್ಣೆ ಹಿಡಿದವರು ಬಂದು ಹೊರಹಾಕಿದರು. ದುಡ್ಡು ಕೊಟ್ಟರೆ ಸಾಲದು, ತಲೆ ಮೇಲೊಂದು ಸೂರೂ ಬೇಕು ಎಂಬುದನ್ನು ಮೈಮೇಲೆ ಬರೆಸಿಕೊಂಡವರು ಅವರು.

ಅದೇ ಅಂಬೇಡ್ಕರ್ 1942ರ ಜುಲೈನಲ್ಲಿ ವೈಸರಾಯ್ ಕೌನ್ಸಿಲಿಗೆ ಕಾರ್ಮಿಕ ಸದಸ್ಯರಾಗಿ ಹೋದರು. ಮೂರೇ ತಿಂಗಳು. ಅಕ್ಟೋಬರ್ 29ರಂದು ವೈಸರಾಯ್ ಲಿನ್‌ಲಿತ್‌ಗೋಗೆ ಪರಿಶಿಷ್ಟ ಜಾತಿಗಳ ಕುಂದುಕೊರತೆಗಳ ಬಗ್ಗೆ ದೊಡ್ಡದೊಂದು ಮನವಿ ಕೊಟ್ಟರು. ಅದರಲ್ಲಿ ಉನ್ನತ ಶಿಕ್ಷಣದ ಲೆಕ್ಕವಿದೆ. ಅಲಿಘರ್, ಬನಾರಸ್ ವಿಶ್ವವಿದ್ಯಾಲಯಗಳಿಗೆ ಖಜಾನೆಯಿಂದ ವರ್ಷ ವರ್ಷ ಹಣ ಹೋಗುತ್ತದೆ, ನಮ್ಮವರಿಗೆ ಏನು ಹೋಗುತ್ತದೆ ಎಂಬ ಲೆಕ್ಕ. ಕೊನೆಗೆ ವರ್ಷಕ್ಕೆ 3 ಲಕ್ಷ ರೂಪಾಯಿ ಮಂಜೂರಾಯಿತು. 1944ರಲ್ಲಿ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಶುರುವಾಯಿತು. 1948-49ರಲ್ಲಿ ಅದು ಬುಡಕಟ್ಟುಗಳಿಗೂ ವಿಸ್ತರಿಸಿತು. ಗೆಳೆಯರೇ, ಈ ಮಾತನ್ನು ಒಂದು ಸಲ ನಿಧಾನವಾಗಿ ಓದಿ. ಅದು ಯಾರೋ ಮರುಗಿ ಹಾಕಿದ ಭಿಕ್ಷೆಯಾಗಿ ಶುರುವಾದದ್ದಲ್ಲ. ಖಜಾನೆಯಲ್ಲಿ ನಮ್ಮ ಪಾಲೆಷ್ಟು ಎಂದು ಕೇಳಿ ತಂದದ್ದು. ದೆಹಲಿಯಲ್ಲಿ ಪಾಲಾಗಿ ಹೊರಟ ಈ ದುಡ್ಡು ಹೊಳಲ್ಕೆರೆ ತಲುಪುವ ಹೊತ್ತಿಗೆ ಹೇಗೆ ಉಪಕಾರವಾಯಿತು ಎನ್ನುವುದೇ ಮುಂದಿನ ಕತೆ.

ಅದಕ್ಕೆ 1963ನೇ ಇಸವಿಯನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಆ ವರ್ಷದ ಫೆಬ್ರವರಿ 1ರಿಂದ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಜಾರಿಗೆ ಬಂತು. 1961ರಲ್ಲಿ ಆದ ಕಾಯ್ದೆ. ಶಾನುಭೋಗಿಕೆ, ಪಟೇಲಿಕೆ ಹೋದವು, ಸಂಬಳದ ವಿಲೇಜ್ ಅಕೌಂಟೆಂಟ್ ಬಂದ. ತೋಟಿ ತಳವಾರಿಕೆಯ ಬಿಟ್ಟಿಯೂ ಕಾಗದದ ಮೇಲೆ ಹೋಯಿತು. ಜಗುಲಿ ಬಿದ್ದಿತು ಎಂದು ನಮ್ಮವರು ಖುಷಿಪಟ್ಟರು.

ಇತ್ತ ಅದರ ಹಿಂದಿನ ವರ್ಷವೇ ದೆಹಲಿಯಲ್ಲಿ ಬೇರೊಂದು ಜಗಳ ನಡೆದಿತ್ತು. ನಾಗನಗೌಡ ಸಮಿತಿಯ ವರದಿ ಆಧರಿಸಿ ಮೈಸೂರು ಸರ್ಕಾರ ಇಂಜಿನಿಯರಿಂಗ್, ಮೆಡಿಕಲ್ ಕಾಲೇಜುಗಳ ಸೀಟಿನಲ್ಲಿ ನೂರಕ್ಕೆ 68 ಮೀಸಲಿಟ್ಟಿತ್ತು. ಆಗ ಮುಖ್ಯಮಂತ್ರಿ ನಮ್ಮ ಜಿಲ್ಲೆಯವರೇ ಆದ ಎಸ್. ನಿಜಲಿಂಗಪ್ಪ. ಬಾಲಾಜಿ ಎಂಬುವರ ಮೊಕದ್ದಮೆಯಲ್ಲಿ 1962ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಹೊಡೆದುಹಾಕಿತು. ಜಾತಿಯೊಂದನ್ನೇ ಅಳತೆ ಮಾಡಬೇಡಿ, ಅರ್ಧಕ್ಕಿಂತ ಮೇಲೆ ಹೋಗಬೇಡಿ ಎಂದಿತು. ಪರಿಶಿಷ್ಟ ಜಾತಿಯ 15, ಪಂಗಡದ 3 ಹಾಗೇ ಉಳಿದವು. ಉಳಿದ ಹಿಂದುಳಿದವರಿಗೆ ಏನು ಮಾಡುವುದು? 1963ರ ಜುಲೈನಲ್ಲಿ ಸರ್ಕಾರ ಹೊಸ ಅಳತೆಗೋಲು ತಂದಿತು. ಕುಟುಂಬದ ಆದಾಯ ವರ್ಷಕ್ಕೆ 1,200 ರೂಪಾಯಿಗಿಂತ ಹೆಚ್ಚಿರಬಾರದು, ಕಸುಬು ಬೇಸಾಯ, ಕೈಕಸುಬು, ಸಣ್ಣ ವ್ಯಾಪಾರ, ಕೆಳದರ್ಜೆ ನೌಕರಿ, ಮೈ ದುಡಿಮೆ ಇಂಥದ್ದಾಗಿರಬೇಕು. ಅಂಥವರಿಗೆ ನೂರಕ್ಕೆ 30 ಸೀಟು. 1964ರಲ್ಲಿ ಚಿತ್ರಲೇಖಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇದನ್ನು ಒಪ್ಪಿತು.

ಆದಾಯ ಪ್ರಮಾಣಪತ್ರ ಎಂಬ ದೇವರು ನಮ್ಮ ತಾಲ್ಲೂಕು ಕಚೇರಿಗಳಲ್ಲಿ ಪ್ರತಿಷ್ಠಾಪನೆಯಾದದ್ದು ಹೀಗೆ. ಕೇಳಲು ನ್ಯಾಯವಾಗಿಯೇ ಇದೆ. ಬಡವನಿಗೆ ಕೊಡಿ ಅಂತ ತಾನೇ ಹೇಳಿದ್ದು? ಈಗ ಲೆಕ್ಕ ಹಾಕಿ. ಹೊಳಲ್ಕೆರೆ ಸೀಮೆಯ ಅಡಿಕೆ ತೋಟದ ಯಜಮಾನ ತನ್ನ ಹುಟ್ಟುವಳಿ ಎಷ್ಟೆಂದು ಹೇಳುತ್ತಾನೋ ಅಷ್ಟೇ ಅವನ ಆದಾಯ. ಮಳೆ ಇಲ್ಲ, ರೋಗ ಬಿತ್ತು ಎಂದರೆ ಮುಗಿಯಿತು, ಸಾಕ್ಷಿ ಹೇಳಲು ಊರೇ ಇದೆ. ಅದೇ ಪುರಸಭೆಯಲ್ಲಿ ಕಸ ಗುಡಿಸುವವನ ಸಂಬಳ ಚೀಟಿಯಲ್ಲಿ ಪೈಸೆ ಸಮೇತ ಅಚ್ಚಾಗಿರುತ್ತದೆ. ಚೀಟಿಯ ಮನುಷ್ಯ ಸುಳ್ಳು ಹೇಳುವಂತಿಲ್ಲ, ತೋಟದ ಮನುಷ್ಯ ನಿಜ ಹೇಳಬೇಕಾದ ಅಗತ್ಯವೇ ಇಲ್ಲ. ಉಳ್ಳವರು ಬಡವರ ಸರ್ಟಿಫಿಕೇಟು ತಂದು ಸೀಟು ಹಿಡಿದರು. ಎಲ್.ಜಿ. ಹಾವನೂರರ ಆಯೋಗ 1972ರಲ್ಲಿ ನೇಮಕವಾಗಿ 1975ರಲ್ಲಿ ವರದಿ ಕೊಡುವವರೆಗೆ ಈ ಆಟವೇ ನಡೆಯಿತು. ಶಾನುಭೋಗರ ಜಗುಲಿ ಬಿದ್ದ ವರ್ಷವೇ ತಹಸೀಲ್ದಾರರ ಕಿಟಕಿ ತೆರೆದುಕೊಂಡಿತು, ಅಷ್ಟೇ. ಸೌದೆ ಬದಲು ರೂಪಾಯಿ.

ಅರಸು ಕಾಲವನ್ನು ನಮ್ಮ ತಲೆಮಾರು ಮರೆಯುವಂತಿಲ್ಲ. ಪರಿಶಿಷ್ಟರಿಗೆ ಅಭಿವೃದ್ಧಿ ನಿಗಮ 1975ರಲ್ಲಿ, ಹಿಂದುಳಿದ ವರ್ಗಗಳಿಗೆ ಪ್ರತ್ಯೇಕ ಇಲಾಖೆ, ನಿಗಮ 1977ರಲ್ಲಿ. ತಾಲ್ಲೂಕಿಗೆ ತಾಲ್ಲೂಕೇ ಬಿ.ಸಿ.ಎಂ. ಹಾಸ್ಟೆಲು ಎಂಬ ಪದ ಕಲಿಯಿತು. ನಮ್ಮದಕ್ಕೆ ಮಾತ್ರ ಜನರ ಬಾಯಲ್ಲಿ ಹರಿಜನ ಹಾಸ್ಟೆಲು ಎಂದೇ ಬಹುಕಾಲ ಉಳಿಯಿತು. ಬೂಸಾ ಗಲಾಟೆ ನಡೆದ 1973ರ ನವೆಂಬರಿನಲ್ಲಿ ಏಟು ತಿಂದವರಲ್ಲಿ ಇಂಥ ಹಾಸ್ಟೆಲುಗಳ ಹುಡುಗರೇ ಹೆಚ್ಚು. ಬಸವಲಿಂಗಪ್ಪನವರು ಮಂತ್ರಿಗಿರಿ ಕಳಕೊಂಡರು, ಆದರೆ ಆ ಹುಡುಗರು ಸಂಘಟನೆ ಕಲಿತರು. ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದ ಬಿ. ಕೃಷ್ಣಪ್ಪನವರು ಹುಟ್ಟಿದ ಹರಿಹರ ಆಗ ನಮ್ಮ ಚಿತ್ರದುರ್ಗ ಜಿಲ್ಲೆಗೇ ಸೇರಿತ್ತು. ಅವರು ಪಾಠ ಹೇಳುತ್ತಿದ್ದದ್ದು ಭದ್ರಾವತಿಯ ಕಾಲೇಜಿನಲ್ಲಿ. ಸ್ಕಾಲರ್‌ಶಿಪ್ಪು, ಹಾಸ್ಟೆಲ್ ಊಟ, ಜಾತಿ ಬೈಗುಳ ಇವು ಮೂರೂ ಒಂದೇ ಜಗಳ ಎಂದು ನಮಗೆ ತೋರಿಸಿಕೊಟ್ಟದ್ದು ಆ ಸಂಘಟನೆ.

ನಾನು ಪಿಯುಸಿಗೆಂದು ಹೊಸದುರ್ಗ ಕಡೆಯ ಹಳ್ಳಿಯಿಂದ ಪಟ್ಟಣಕ್ಕೆ ಬಂದದ್ದು 1981ರಲ್ಲಿ. ಹಾಸ್ಟೆಲಿನಲ್ಲಿ ಸೀಟು ತುಂಬಿತ್ತು. ಅಪ್ಪ, ನಾನು ಟ್ರಂಕು ಹೊತ್ತುಕೊಂಡು ಬಾಡಿಗೆ ಕೋಣೆ ಹುಡುಕಿದೆವು. ಮೊದಲ ಮನೆಯಲ್ಲಿ ಊರು ಕೇಳಿದರು, ಹೇಳಿದೆವು. ತಾಲ್ಲೂಕು ಕೇಳಿದರು, ಹೇಳಿದೆವು. "ಅಲ್ಲಪ್ಪಾ, ನೀವು ಯಾವ ಪೈಕಿ?" ಅಂದರು. ಅಪ್ಪ ಟ್ರಂಕು ಎತ್ತಿಕೊಂಡ. ಬರೋಡೆಯ ಕತೆ ನಾನು ಓದಿದ್ದು ಆಮೇಲೆ.

ಸ್ಕಾಲರ್‌ಶಿಪ್ಪಿನ ಅರ್ಜಿ ಹಳದಿ ಕಾಗದದ್ದು. ಜಾತಿ, ಆದಾಯದ ಸರ್ಟಿಫಿಕೇಟು ಲಗತ್ತಿಸಬೇಕು, ಎಲ್ಲಕ್ಕೂ ಗೆಜೆಟೆಡ್ ಆಫೀಸರ ಸಹಿ ಬೇಕು. ಗೆಜೆಟೆಡ್ ಆಫೀಸರು ಯಾರು, ಎಲ್ಲಿರುತ್ತಾರೆ, ಯಾವಾಗ ಖುಷಿಯಾಗಿರುತ್ತಾರೆ ಎಂಬ ಜ್ಞಾನ ಪಠ್ಯದಲ್ಲಿ ಇರಲಿಲ್ಲ. ದನದಾಸ್ಪತ್ರೆ ಡಾಕ್ಟರು ಸಹಿ ಹಾಕುತ್ತಾರೆ, ಬೈಯುವುದಿಲ್ಲ ಎಂದು ಹಿರಿಯ ಹುಡುಗರು ಗುಟ್ಟಾಗಿ ಹೇಳಿಕೊಟ್ಟರು. ಆಗಸ್ಟಿನಲ್ಲಿ ಹಾಕಿದ ಅರ್ಜಿಯ ದುಡ್ಡು ಬಂದದ್ದು ಪರೀಕ್ಷೆ ಮುಗಿದು ಊರಿಗೆ ಹೋದ ಮೇಲೆ. ಸುದ್ದಿ ತಿಳಿದು ಬಸ್ ಚಾರ್ಜು ಸಾಲ ಮಾಡಿ ಬಂದೆ. ಗುಮಾಸ್ತರು ಅಕ್ವಿಟೆನ್ಸ್ ರಿಜಿಸ್ಟರು ಬಿಚ್ಚಿದರು, ರೆವಿನ್ಯೂ ಸ್ಟಾಂಪು ಹಚ್ಚಿದರು, ಪೂರ್ತಿ ಮೊತ್ತಕ್ಕೆ ಸಹಿ ಮಾಡಿಸಿಕೊಂಡರು. ಕೈಗೆ ಕೊಟ್ಟದ್ದು ಹತ್ತು ರೂಪಾಯಿ ಕಮ್ಮಿ. "ಏನಯ್ಯಾ, ಪುಕ್ಕಟೆ ದುಡ್ಡು, ಕಾಫಿಗೆ ಕೊಡಲ್ವಾ?" ಅಂದರು. ಆ ಗುಮಾಸ್ತರು ಕೆಟ್ಟವರೇನಲ್ಲ, ಫೀಸಿಗೆ ಗಡುವು ದಾಟಿದಾಗ ಎರಡು ಸಲ ನನ್ನ ಹೆಸರು ಹೊಡೆಯದೆ ಉಳಿಸಿದ್ದರು. ಪುಕ್ಕಟೆ ಅನ್ನುವ ಆ ಒಂದು ಮಾತು ಮಾತ್ರ ಇವತ್ತಿಗೂ ಕಿವಿಯಲ್ಲಿದೆ. 1942ರ ಮನವಿಯ ಬಗ್ಗೆ ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ ಹತ್ತು ರೂಪಾಯಿ ಬಿಡುತ್ತಿರಲಿಲ್ಲ.

ಸಾಲದ ಚರಿತ್ರೆ ಬೇರೆ. 1963-64ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಸಾಲ ವಿದ್ಯಾರ್ಥಿವೇತನ ಎಂಬುದನ್ನು ತಂದಿತ್ತು. ಬಡ್ಡಿ ಇಲ್ಲ. ಓದಿ ಮೇಷ್ಟರಾದವನಿಗೆ ಸೇವೆಯ ಒಂದೊಂದು ವರ್ಷಕ್ಕೆ ಸಾಲದ ಹತ್ತನೇ ಒಂದು ಭಾಗ ಮಾಫಿ. ಒಳ್ಳೆಯ ಯೋಜನೆ, ಹಳ್ಳಿ ಮೇಷ್ಟರುಗಳನ್ನು ಹುಟ್ಟಿಸಲೆಂದೇ ಮಾಡಿದಂತಿತ್ತು. ಆದರೆ ನಮ್ಮ ಕೇರಿಗಳಲ್ಲಿ ಸಾಲ ಎಂಬ ಪದಕ್ಕೆ ಬೇರೆಯೇ ಅರ್ಥ. ಅಪ್ಪ ಇನ್ನೂರು ರೂಪಾಯಿ ಸಾಲ ಮಾಡಿದರೆ ಮಗ ಜೀತ. ಜೀತ ನಿಷೇಧದ ಸುಗ್ರೀವಾಜ್ಞೆ ಬಂದದ್ದು 1975ರ ಅಕ್ಟೋಬರಿನಲ್ಲಿ, ಬಡವರ ಸಾಲ ಮನ್ನಾ ಮಾಡಿದ ಅರಸು ಸರ್ಕಾರದ ಋಣ ಪರಿಹಾರ ಕಾಯ್ದೆ 1976ರಲ್ಲಿ. ಅದಕ್ಕೂ ಹತ್ತು ವರ್ಷ ಮುಂಚೆ ಒಬ್ಬ ಕೂಲಿಕಾರನ ಬಳಿ ಹೋಗಿ, ನಿನ್ನ ಮಗನ ಓದಿಗೆ ಸರ್ಕಾರ ಸಾಲ ಕೊಡುತ್ತೆ, ಹೆಬ್ಬೆಟ್ಟು ಒತ್ತು ಅಂದರೆ ಅವನು ಒತ್ತುತ್ತಾನೆಯೇ? "ಸಾಲ ಅಂದ್ರೆ ಗೊತ್ತೇನ್ಲಾ ನಿಂಗೆ? ನಮ್ಮಪ್ಪನ ಸಾಲ ನಾನ್ ತೀರ್ಸಿವ್ನಿ, ನನ್ ಸಾಲ ನೀನ್ ತೀರ್ಸಂಗಾಗ್ಬಾರ್ದು" ಎಂದು ನನ್ನ ಅಪ್ಪ ಅಂದದ್ದು ಹೆದರಿಕೆಯಿಂದಲ್ಲ, ಅನುಭವದಿಂದ.

1969ರ ಜುಲೈನಲ್ಲಿ 14 ಬ್ಯಾಂಕುಗಳು ರಾಷ್ಟ್ರೀಕರಣವಾದವು. ಜಿಲ್ಲೆಯ ಹೆಸರಿನಲ್ಲೇ ಚಿತ್ರದುರ್ಗ ಗ್ರಾಮೀಣ ಬ್ಯಾಂಕು ಇತ್ತು, 2005ರಲ್ಲಿ ಪ್ರಗತಿ ಗ್ರಾಮೀಣ ಬ್ಯಾಂಕಿನೊಳಗೆ ಸೇರಿಹೋಯಿತು. 2001ರಲ್ಲಿ ಬ್ಯಾಂಕುಗಳ ಸಂಘ ಶಿಕ್ಷಣ ಸಾಲಕ್ಕೆ ಮಾದರಿ ನಿಯಮ ಮಾಡಿತು. 4 ಲಕ್ಷದವರೆಗೆ ಆಸ್ತಿ ಅಡಮಾನ ಬೇಡ, ಜಾಮೀನುದಾರ ಬೇಡ ಎಂಬುದು ಆ ನಿಯಮ. 2009ರಿಂದ ವರ್ಷಕ್ಕೆ ನಾಲ್ಕೂವರೆ ಲಕ್ಷಕ್ಕಿಂತ ಕಡಿಮೆ ಆದಾಯದ ಕುಟುಂಬದ ಮಕ್ಕಳಿಗೆ, ತಾಂತ್ರಿಕ ಮತ್ತು ವೃತ್ತಿಪರ ಕೋರ್ಸಾದರೆ, ಓದುವ ಅವಧಿಯ ಬಡ್ಡಿಯನ್ನು ಕೇಂದ್ರ ಸರ್ಕಾರ ಕಟ್ಟಿತು. ಹಿಂದುಳಿದ ವರ್ಗದವರಿಗೆ ದೇವರಾಜ ಅರಸು ನಿಗಮದ ಅರಿವು ಸಾಲ, ನೂರಕ್ಕೆ ಎರಡು ಬಡ್ಡಿ. ಇಷ್ಟೆಲ್ಲ ಇದ್ದೂ, ನರ್ಸಿಂಗ್ ಸೀಟು ಸಿಕ್ಕ ನನ್ನ ಒಬ್ಬ ಶಿಷ್ಯೆಯ ಜೊತೆ ಒಂದು ಬ್ಯಾಂಕಿಗೆ ಹೋದಾಗ ಮ್ಯಾನೇಜರು ಕೇಳಿದ ಮೊದಲ ಪ್ರಶ್ನೆ: "ಎಷ್ಟು ಎಕರೆ ಇದೆ?" ನಿಯಮದ ಪ್ರತಿಯನ್ನು ಮೇಜಿನ ಮೇಲಿಟ್ಟೆ. ಓದಿದರು. "ನೀವು ಹೇಳೋದು ಸರಿ ಮೇಷ್ಟ್ರೇ, ಆದರೆ ಮೇಲಿನವರು ಒಪ್ಪಲ್ಲ" ಅಂದರು. ಬಿ.ಎ. ಓದುವವನಿಗಂತೂ ಬ್ಯಾಂಕಿನ ಬಾಗಿಲೇ ಬೇರೆ ಕಡೆ. ಓದಿ ತೀರಿಸುವ ನೌಕರಿ ಅವನಿಗೆ ಸಿಗುವುದಿಲ್ಲ ಎಂಬುದು ಬ್ಯಾಂಕಿಗೆ ಅವನಿಗಿಂತ ಮುಂಚೆ ಗೊತ್ತಿರುತ್ತದೆ.

ಇನ್ನು ದುಡಿದು ಓದುವ ದಾರಿ. ನಮ್ಮದು ಬರದ ಜಿಲ್ಲೆ, ಮಣ್ಣು ಹೊರುವ ಕೆಲಸ ನಮಗೆ ಹೊಸದಲ್ಲ. 1898ರಿಂದ 1907ರವರೆಗೆ ವೇದಾವತಿಗೆ ಅಡ್ಡಲಾಗಿ ಹಿರಿಯೂರು ಬಳಿ ಮಾರಿಕಣಿವೆ ಕಟ್ಟಿದರು. ಮಹಾರಾಣಿಯ ಹೆಸರಲ್ಲಿ ಅದು ವಾಣಿವಿಲಾಸ ಸಾಗರ, ಕಲ್ಲು ಹೊತ್ತವರ ಹೆಸರು ಎಲ್ಲೂ ಇಲ್ಲ. 1933ರ ನಂತರ 2022ರಲ್ಲಿ ಮತ್ತೆ ಕೋಡಿ ಬಿದ್ದಾಗ ಇಡೀ ಜಿಲ್ಲೆ ನೋಡಲು ಓಡಿತು, ನಾನೂ ಹೋಗಿದ್ದೆ. ಅರಸು ಕಾಲದಲ್ಲಿ ಕೆಲಸವಿಲ್ಲದ ಪದವೀಧರರನ್ನು ಸ್ಟೈಪೆಂಡರಿ ಎಂದು ಸರ್ಕಾರಿ ಕಚೇರಿಗಳಲ್ಲಿ ಕೂರಿಸಿ ತಿಂಗಳಿಗೆ ಇಷ್ಟು ಎಂದು ಕೊಟ್ಟದ್ದುಂಟು. ಮೊದಲ ತಲೆಮಾರಿನ ಎಷ್ಟೋ ಪದವೀಧರರು ಫೈಲು ಎಂದರೇನು ಎಂದು ಕಲಿತದ್ದು ಅಲ್ಲಿ.

ಆದರೆ ನಿಜವಾಗಿ ನಮ್ಮ ಕಾಲೇಜು ಹುಡುಗರ ಕೈಗೆ ಸಿಕ್ಕ ಕೆಲಸ ಉದ್ಯೋಗ ಖಾತ್ರಿಯದು. 2005ರ ಕಾಯ್ದೆ, 2006ರ ಫೆಬ್ರವರಿ 2ರಂದು ನಮ್ಮ ಪಕ್ಕದ ಅನಂತಪುರ ಜಿಲ್ಲೆಯ ಬಂಡ್ಲಪಲ್ಲಿಯಲ್ಲಿ ಶುರು. ಮೊದಲ ಕಂತಿನ 200 ಜಿಲ್ಲೆಗಳಲ್ಲಿ ಕರ್ನಾಟಕದವು ಐದೇ: ಬೀದರ್, ಗುಲ್ಬರ್ಗ, ರಾಯಚೂರು, ದಾವಣಗೆರೆ, ಚಿತ್ರದುರ್ಗ. ಮನೆಗೊಂದು ಜಾಬ್ ಕಾರ್ಡು, ವರ್ಷಕ್ಕೆ ನೂರು ದಿನ, ಹದಿನೆಂಟು ತುಂಬಿದ ಯಾರೂ ಕೇಳಬಹುದಿತ್ತು. ವಿದ್ಯಾರ್ಥಿಗಳಿಗೆಂದು ಮಾಡಿದ ಯೋಜನೆ ಅಲ್ಲ ಅದು. ಆದರೂ ಬೇಸಿಗೆ ರಜೆಯಲ್ಲಿ ಪದವಿ ಓದುವ ಮಕ್ಕಳು ಬದು ಹಾಕಿದರು, ಕೆರೆ ಹೂಳು ತೆಗೆದರು, ಮುಂದಿನ ವರ್ಷದ ಫೀಸು ಹೊಂದಿಸಿದರು. ನನಗೆ ಅದರಲ್ಲಿ ಇಷ್ಟವಾದದ್ದು ಒಂದೇ. ಅಲ್ಲಿ ಜಾತಿ ಸರ್ಟಿಫಿಕೇಟು ಕೇಳಲಿಲ್ಲ, ಆದಾಯ ಸರ್ಟಿಫಿಕೇಟು ಕೇಳಲಿಲ್ಲ, ಅಳೆದದ್ದು ತೋಡಿದ ಗುಂಡಿಯನ್ನು. ಅರ್ಜಿ ಕೊಟ್ಟು ಹದಿನೈದು ದಿನದಲ್ಲಿ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕು ಎಂದು ಕಾಯ್ದೆಯೇ ಹೇಳಿತ್ತು. ಸ್ಕಾಲರ್‌ಶಿಪ್ಪಿಗೆ ಇಂಥ ಗಡುವು ಯಾರೂ ಹಾಕಲಿಲ್ಲ. ಕೂಲಿಯೂ ತಡವಾಯಿತು, ಕಂಟ್ರಾಕ್ಟರ ಯಂತ್ರಗಳೂ ಬಂದವು, ಅದು ಬೇರೆ ಜಗಳ.

ಈಗ ಹಳದಿ ಕಾಗದ ಹೋಗಿದೆ. 2019ರಿಂದ ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶ, ಎಲ್ಲರ ಬಾಯಲ್ಲಿ ಎಸ್.ಎಸ್.ಪಿ. ನಾಡಕಚೇರಿಯ ಸರ್ಟಿಫಿಕೇಟಿನ ಆರ್.ಡಿ. ನಂಬರು, ಆಧಾರ್, ಕಾಲೇಜಿನ ದೃಢೀಕರಣ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ. ದುಡ್ಡು ನೇರ ಖಾತೆಗೆ. ಗುಮಾಸ್ತರ ಕಾಫಿ ದುಡ್ಡು ನಿಂತಿತು, ಇದು ಸಣ್ಣ ಮಾತಲ್ಲ. ಆದರೆ ಆ ಹತ್ತು ರೂಪಾಯಿ ಸೈಬರ್ ಅಂಗಡಿಯಲ್ಲಿ ನೂರಾಯಿತು. ತಪ್ಪಾದರೆ ಇನ್ನೊಂದು ನೂರು.

ಮೊತ್ತದ ಮಾತನ್ನೂ ಹೇಳಿಬಿಡುತ್ತೇನೆ. 2010ರಲ್ಲಿ ಕೇಂದ್ರ ಸರ್ಕಾರ ದರ ಪರಿಷ್ಕರಿಸಿದಾಗ ಮನೆಯಿಂದ ಓಡಾಡಿಕೊಂಡು ಬಿ.ಎ. ಓದುವ ಪರಿಶಿಷ್ಟ ಜಾತಿಯ ವಿದ್ಯಾರ್ಥಿಗೆ ತಿಂಗಳಿಗೆ 300 ರೂಪಾಯಿ, ಹತ್ತು ತಿಂಗಳಿಗೆ 3,000. 2020ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟ ದೊಡ್ಡ ಸುದ್ದಿ ಮಾಡಿತು. ಐದು ವರ್ಷಕ್ಕೆ 59,048 ಕೋಟಿ, ಅದರಲ್ಲಿ ಕೇಂದ್ರದ್ದು 35,534 ಕೋಟಿ, ನೂರಕ್ಕೆ 60 ಕೇಂದ್ರ, 40 ರಾಜ್ಯ. ಅದಕ್ಕೂ ಹಿಂದಿನ ಮೂರು ವರ್ಷ ಕೇಂದ್ರ ಕೊಟ್ಟದ್ದು ವರ್ಷಕ್ಕೆ ಸುಮಾರು 1,100 ಕೋಟಿಯಷ್ಟೇ ಎಂದು ಸರ್ಕಾರವೇ ಒಪ್ಪಿಕೊಂಡಿತು. 2021ರಲ್ಲಿ ಹೊಸ ಮಾರ್ಗಸೂಚಿ ಬಂತು. ನಾನು ಕನ್ನಡಕ ಹಾಕಿಕೊಂಡು ಆಸೆಯಿಂದ ನೋಡಿದೆ. ಅದೇ ಬಿ.ಎ. ವಿದ್ಯಾರ್ಥಿಗೆ ಶೈಕ್ಷಣಿಕ ಭತ್ಯೆ ವರ್ಷಕ್ಕೆ 3,000. ಹನ್ನೊಂದು ವರ್ಷದಲ್ಲಿ ಹೆಸರು ಬದಲಾಗಿತ್ತು, ಅಂಕಿ ಬದಲಾಗಿರಲಿಲ್ಲ. ಉದ್ಯೋಗ ಖಾತ್ರಿಯಲ್ಲಿ ಕರ್ನಾಟಕದ ದಿನಗೂಲಿ 2025-26ರಲ್ಲಿ 370 ರೂಪಾಯಿ. ಒಂಬತ್ತು ದಿನ ಗುದ್ದಲಿ ಹಿಡಿದರೆ ಒಂದು ವರ್ಷದ ಭತ್ಯೆಗಿಂತ ಹೆಚ್ಚು. ಅಪ್ಪಂದಿರು ಮಕ್ಕಳನ್ನು ಯಾಕೆ ಕೆಲಸಕ್ಕೆ ಕರೆಯುತ್ತಾರೆ ಎಂದು ಅಧಿಕಾರಿಗಳು ಕಾರ್ಯಾಗಾರ ಮಾಡಿ ಚರ್ಚಿಸುತ್ತಾರೆ. ಗುಣಾಕಾರ ಬಂದರೆ ಸಾಕು.

ರಾಜ್ಯದ ಕಡೆಯೂ ನೋಡಬೇಕು. 2013-14ರಲ್ಲಿ ಬಂದ ವಿದ್ಯಾಸಿರಿ, ಹಾಸ್ಟೆಲು ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ತಿಂಗಳಿಗೆ 1,500 ಎಂದಿತು. ನನ್ನ ಕಾಲದಲ್ಲಿ ಯಾರೂ ಯೋಚಿಸದಿದ್ದ ಬಾಡಿಗೆ ಕೋಣೆಯ ಕಷ್ಟಕ್ಕೆ ಸಿಕ್ಕ ಉತ್ತರ ಅದು. ಅದೇ 2013ರಲ್ಲಿ ಪರಿಶಿಷ್ಟರ ಉಪಯೋಜನೆಯ ಕಾಯ್ದೆಯೂ ಬಂತು. ಅದರ 7ಡಿ ಎಂಬ ಕಲಮಿನ ಸಂದಿಯಲ್ಲಿ ನಮ್ಮ ದುಡ್ಡು ರಸ್ತೆಗೂ ಸೇತುವೆಗೂ ಹರಿಯಿತು. ಕೂಗಾಡಿದ ಮೇಲೆ 2023ರಲ್ಲಿ ಆ ಕಲಮು ತೆಗೆದರು. ಅದೇ ವರ್ಷ ಗ್ಯಾರಂಟಿ ಯೋಜನೆಗಳಿಗೆ ಅದೇ ಉಪಯೋಜನೆಯಿಂದ 11 ಸಾವಿರ ಕೋಟಿಗೂ ಹೆಚ್ಚು ಹಂಚಿದರು. ಆ ಗ್ಯಾರಂಟಿಗಳಲ್ಲಿ ಯುವನಿಧಿಯೂ ಒಂದು. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಶುರು, ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500, ಎರಡು ವರ್ಷ. ಮುಂದೆ ಓದಲು ಸೇರಿದರೆ ನಿಲ್ಲುತ್ತದೆ. ನನಗಿನ್ನೂ ಕೆಲಸ ಸಿಕ್ಕಿಲ್ಲ ಎಂದು ಮತ್ತೆ ಮತ್ತೆ ಸ್ವಯಂ ಘೋಷಣೆ ಕೊಡಬೇಕು. ಎಂ.ಎ.ಗೆ ಸೇರಲೋ, ನಿರುದ್ಯೋಗಿಯಾಗೇ ಇರಲೋ ಎಂದು ಒಬ್ಬ ಹುಡುಗ ನನ್ನನ್ನು ಕೇಳಿದ. ತಮಾಷೆ ಮಾಡುತ್ತಿರಲಿಲ್ಲ ಅವನು.

ಹೋದ ವರ್ಷ ಹೊಸದುರ್ಗದ ಕಡೆಯ ಒಬ್ಬ ಹುಡುಗಿ ಫೋನು ಮಾಡಿದಳು. ಎರಡನೇ ವರ್ಷದ ಬಿ.ಎ. ಗೆಳತಿಯರಿಗೆಲ್ಲ ದುಡ್ಡು ಬಂದಿದೆ, ಅವಳಿಗೆ ಬಂದಿಲ್ಲ. ಮೂರು ಸಲ ಸೈಬರ್ ಅಂಗಡಿಗೆ ಹೋಗಿದ್ದಾಳೆ. ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಇನಿಷಿಯಲ್ ಹೆಸರಿನ ಹಿಂದೆ ಇದೆ, ಆಧಾರ್‌ನಲ್ಲಿ ಮುಂದೆ ಇದೆ. ಬ್ಯಾಂಕಿನವರು ಕಾಲೇಜಿಗೆ ಹೋಗು ಅಂದರು, ಕಾಲೇಜಿನವರು ನಾಡಕಚೇರಿ ಅಂದರು, ನಾಡಕಚೇರಿಯವರು ಎಲ್ಲ ಮೇಲೆ ಬೆಂಗಳೂರಿನ ಕಂಪ್ಯೂಟರಿನಲ್ಲಿ ಆಗೋದು ಅಂದರು. "ಸಾರ್, ರಿಜೆಕ್ಟ್ ಮಾಡಿರೋರು ಯಾರು ಸಾರ್? ಅವರನ್ನೇ ಹೋಗಿ ಕೇಳ್ತೀನಿ" ಅಂದಳು. ನಮ್ಮಜ್ಜನಿಗೆ ಶಾನುಭೋಗರ ಮನೆ ಎಲ್ಲಿದೆ ಎಂದಾದರೂ ಗೊತ್ತಿತ್ತು.

ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು, ಜೊತೆಗೆ ಅವಳ ಅವ್ವ. ಅಲ್ಲೇ ಹೋಟೆಲಿನ ಮೇಜಿನ ಮೇಲೆ ಬಿಳಿ ಹಾಳೆಯಲ್ಲಿ ಜಿಲ್ಲಾ ಸಮಾಜ ಕಲ್ಯಾಣಾಧಿಕಾರಿಗಳಿಗೆ ಅರ್ಜಿ ಬರೆದೆವು. ದಯಮಾಡಿ ಕೃಪೆ ತೋರಬೇಕೆಂದು ಎಂದು ಅವಳು ಬರೆಯಲು ಹೊರಟಳು. ಅದನ್ನು ಹೊಡೆಸಿ, ನನಗೆ ಬರಬೇಕಾದ ಇಂತಿಷ್ಟು ಹಣ ಇಂಥ ದಿನಾಂಕದಿಂದ ಬಾಕಿ ಇದೆ, ಕಾರಣವನ್ನು ಲಿಖಿತವಾಗಿ ತಿಳಿಸಿ ಎಂದು ಬರೆಸಿದೆ. ಎರಡು ಪ್ರತಿ. "ಒಂದ್ರ ಮೇಲೆ ಸ್ವೀಕೃತಿ ಸೀಲು, ತಾರೀಕು ಹಾಕಿಸ್ಕೊಂಡೇ ಬಾ ತಾಯಿ, ಹಾಕಲ್ಲ ಅಂದ್ರೆ ಅಲ್ಲೇ ಕೂತ್ಕೋ" ಅಂದೆ. ಅವ್ವ ಕೇಳಿದಳು, "ಕೂತ್ಕಂಡ್ರೆ ಬೈಯಲ್ವಾ ಮೇಷ್ಟ್ರೇ?" ಬೈಯುತ್ತಾರೆ ಅಂದೆ. ಇಬ್ಬರೂ ಚಿತ್ರದುರ್ಗದ ಬಸ್ಸು ಹತ್ತಿದರು.